ಗರಸು ಗುಂಡಿಗೆ ಬಾತು ಯಾಕೆ ಇಳಿಯುವುದಿಲ್ಲ?

ಪ್ರಶ್ನೆ: ರಸ್ತೆ ಕೆಲಸಕ್ಕೆ ಗರಸು ತೆಗೆದ ಎರಡು ಎಕರೆ ಗುಂಡಿಯಲ್ಲಿ ಈಗ ವರ್ಷಪೂರ್ತಿ ನೀರಿದೆ. ಗುಳುಮುಳುಕ, ನೀರುಕಾಗೆ ಬಿಟ್ಟರೆ ಬೇರೆ ನೀರುಹಕ್ಕಿ ಇಲ್ಲ. ಪಕ್ಕದ ಕೆರೆಗೆ ಬರುವ ಬಾತು ಇಲ್ಲಿಗೇಕೆ ಬರುವುದಿಲ್ಲ? ಗಿಡ ನೆಟ್ಟರೆ ಬಂದಾವೆಯೇ?
– ಓದುಗರು, ಕಡೂರು ತಾಲ್ಲೂಕು

ಉತ್ತರ: ನೀವು ಹೇಳಿದ ಎರಡೂ ಮುಳುಗಿ ಬೇಟೆಯಾಡುವ ಹಕ್ಕಿಗಳು, ಆಳ ಅವಕ್ಕೆ ತೊಡಕಲ್ಲ. ಚುಕ್ಕೆಕೊಕ್ಕಿನ ಬಾತು ಬಾಲ ಮೇಲೆತ್ತಿ, ತಲೆ ಕುತ್ತಿಗೆಯನ್ನಷ್ಟೇ ನೀರಿಗಿಳಿಸಿ ಮೇಯುತ್ತದೆ. ಒಂದೂವರೆ ಅಡಿ ದಾಟಿದರೆ ಅದರ ಕೊಕ್ಕಿಗೆ ತಳ ಎಟುಕುವುದಿಲ್ಲ. ಕೆರೆಯ ಅಂಗಳ ಇಳಿಜಾರು. ಗುಂಡಿಯ ಅಂಚಾದರೋ ಜೆಸಿಬಿ ಕಡಿದ ಗೋಡೆ. ಆ ಗೋಡೆಯಲ್ಲಿ ಗಿಡವೂ ಬೇರೂರದು. ಆದ್ದರಿಂದ ಮೊದಲು ದಡ, ಆಮೇಲೆ ಗಿಡ.

ಹಿಂಗಾರು ಮುಗಿದಾಗ ನೀರು ಎಲ್ಲಿಗೆ ನಿಂತಿತ್ತೆಂದು ಗುರುತು ಮಾಡಿಟ್ಟುಕೊಳ್ಳಿ. ಏಪ್ರಿಲ್–ಮೇನಲ್ಲಿ ನೀರು ತೀರಾ ಇಳಿದಾಗ ಒಂದು ಬದಿಯನ್ನು ಮಾತ್ರ, ಆ ಗುರುತಿನಿಂದ ಮೂರಡಿ ಇಳಿಯುವುದಕ್ಕೆ ಮೂವತ್ತು ಅಡಿ ಉದ್ದ ಸಿಗುವಂತೆ ಇಳಿಜಾರು ಮಾಡಿಸಿ. ಅಂಚು ಅಂಕುಡೊಂಕಾಗಿರಲಿ. ಡಿಸೆಂಬರಿನಿಂದ ನೀರು ಹಿಂದೆ ಸರಿದಂತೆ ಬಯಲಾಗುವ ಕೆಸರಿನಲ್ಲಿ ಗೊರವಗಳೂ ಕುಂಡೆಕುಸುಕಗಳೂ ಹುಳ ಹೆಕ್ಕಲು ಬರುತ್ತವೆ. ಗೋಮಾಳವಾಗಿದ್ದರೆ ಪಂಚಾಯಿತಿ, ಕಂದಾಯ ಇಲಾಖೆಯ ಒಪ್ಪಿಗೆ ಪಡೆದೇ ಯಂತ್ರ ಇಳಿಸಿ.

ಬರಿಯ ಗರಸಿನಲ್ಲಿ ಸತ್ವ ಕಡಿಮೆ. ಹಾಗೆಂದು ಗೊಬ್ಬರ ಸುರಿಯಬೇಡಿ, ನೀರು ಪಾಚಿಗಟ್ಟಿ ಹಸಿರು ಗಂಜಿಯಾಗುತ್ತದೆ. ಇಳಿಜಾರಿಗೆ ಅರ್ಧ ಅಡಿ ಕೆರೆ ಹೂಳು ಸಾಕು. ಆದರೆ ಕತ್ತೆಕಿವಿಯಂತೆ ದಪ್ಪ ಎಲೆ, ಉಬ್ಬಿದ ತೊಟ್ಟು, ನೇರಳೆ ಹೂವಿನ ತೇಲುಕಳೆ ಇರುವ ಕೆರೆಯ ಹೂಳು ಖಂಡಿತ ಬೇಡ; ಅದರ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ನೈದಿಲೆ ಗೆಡ್ಡೆಯನ್ನು ಮಣ್ಣು ತುಂಬಿದ ಗೋಣಿಚೀಲದಲ್ಲಿಟ್ಟು, ಕಲ್ಲು ಕಟ್ಟಿ, ಎರಡಡಿ ನೀರಿನಲ್ಲಿ ಮುಳುಗಿಸಿ. ಅದರ ಎಲೆ ಹಾಸಿಕೊಂಡರೆ ದೇವನಕ್ಕಿಗೆ ನಡೆದಾಡಲು ನೆಲವಾಯಿತು. ದಡದ ಮೇಲೆ ಹೊಳೆಮತ್ತಿ, ಲಕ್ಕಿ, ಹೊಂಗೆ ಬರುತ್ತವೆ, ನೀಲಗಿರಿ ಬೇಡ. ಇಳಿಜಾರಿನ ಬದಿಯನ್ನು ಮಾತ್ರ ಬಯಲಾಗಿ ಬಿಡಿ. ಸುತ್ತ ಮರ ಒತ್ತಾದರೆ ಬಾತು ಇಳಿಯಲು ಅಂಜುತ್ತದೆ.

ಜೊಂಡನ್ನು ನೆಡುವುದೇ ಬೇಕಿಲ್ಲ, ಬೀಜ ಗಾಳಿಯಲ್ಲಿ ಬರುತ್ತದೆ. ಮೂರಡಿವರೆಗಿನ ನೀರನ್ನೆಲ್ಲ ಅದೇ ನುಂಗುವಂತಾದರೆ ಮಳೆಗೆ ಮುಂಚೆ ಬುಡದವರೆಗೆ ಕೊಯ್ಯಿಸಿ. ನೀರು ಏರಿ ಕೂಳೆ ಮುಳುಗಿದರೆ ಬೇರಿಗೆ ಗಾಳಿ ತಪ್ಪಿ ಕೊಳೆಯುತ್ತದೆ. ಬೇಸಿಗೆಯ ಮೊದಲಿಗೇ ಕೊಯ್ದರೆ ಮತ್ತೆ ಚಿಗುರಿ ಕೂಲಿ ದಂಡ. ಎಲ್ಲವನ್ನೂ ತೆಗೆಸಬೇಡಿ, ಜಂಬುಕೋಳಿಗೆ ಅದೇ ಮನೆ.

ಪ್ರಶ್ನೆ: ನಮ್ಮಲ್ಲಿ ಇಂಥದೇ ಗುಂಡಿಯ ಕಡಿದಾದ ಮಣ್ಣುಗೋಡೆಯ ತುಂಬಾ ತೂತು. ಇಲಿಯೇ? ಮುಚ್ಚಿಸಬೇಕೆ?
– ಓದುಗರು, ಅರಸೀಕೆರೆ

ಉತ್ತರ: ಗೋಡೆಯ ನಡುವೆ ಅಥವಾ ಮೇಲಂಚಿನ ಹತ್ತಿರ, ಕಾಲಿಡಲೂ ಜಾಗವಿಲ್ಲದ ಕಡೆ ಇದ್ದರೆ ಬಹುಮಟ್ಟಿಗೆ ಹಕ್ಕಿಯ ಬಿಲಗಳೇ. ಸಣ್ಣವು ಕಳ್ಳಿಪೀರದ್ದು, ದೊಡ್ಡದರ ಬಾಯಿಯ ಕೆಳಗೆ ಬಿಳಿ ಹಿಕ್ಕೆ ಇಳಿದು ಮೀನಿನ ವಾಸನೆ ಬಂದರೆ ಮಿಂಚುಳ್ಳಿಯದು. ಫೆಬ್ರವರಿಯಿಂದ ಜೂನ್‌ವರೆಗೆ ಒಳಗೆ ಮೊಟ್ಟೆ, ಮರಿ ಇರುತ್ತವೆ. ಮುಚ್ಚಬೇಡಿ, ಆ ಬದಿಗೆ ಜೆಸಿಬಿಯನ್ನೂ ಬಿಡಬೇಡಿ. ಮೇಲಂಚಿನಿಂದ ಹತ್ತಡಿ ಹಿಂದೆ ಮುಳ್ಳುಬೇಲಿ ಹಾಕಿಸಿದರೆ ದನ, ಮಕ್ಕಳು ಬೀಳುವುದೂ ತಪ್ಪುತ್ತದೆ, ಅಂಚು ಕುಸಿಯುವುದೂ ತಪ್ಪುತ್ತದೆ.

ಪ್ರಶ್ನೆ: ಹಕ್ಕಿಗೆ ಮೇವಾಗಲೆಂದು ಮೀನುಮರಿ ಬಿಡಬಹುದೇ?
– ಓದುಗರು, ಬೇಲೂರು

ಉತ್ತರ: ಹುಲ್ಲುಗೆಂಡೆ ಬೇಡ, ನೆಟ್ಟದ್ದನ್ನೆಲ್ಲ ತಿನ್ನುತ್ತದೆ. ಸಾಮಾನ್ಯ ಗೆಂಡೆ ತಳ ಕೆದಕಿ ನೀರನ್ನು ಬಗ್ಗಡ ಮಾಡುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದೇ ನಿಷೇಧ. ಹತ್ತಿರದ ಹಳ್ಳದ ಸಣ್ಣ ಮೀನು ಸಾಕು. ನೈಲಾನ್ ಬಲೆಯನ್ನು ರಾತ್ರಿಯಿಡೀ ನೀರಲ್ಲಿ ಬಿಟ್ಟು ಬರುವವರನ್ನು ತಡೆಯಿರಿ, ಗುಳುಮುಳುಕ ಮುಳುಗಿ ಸಿಕ್ಕಿಕೊಂಡರೆ ಮೇಲೆ ಬರಲಾರದು.