ಬಂಡೀಪುರ ಸಫಾರಿಯಲ್ಲಿ ಮೊಸಳೆ ಚರ್ಮದಂಥ ತೊಗಟೆಯ ಮರ ನೋಡಿದೆ, ಯಾವ್ದದು? ಕಡಿದ್ರೆ ನೀರು ಬರುತ್ತಂತೆ, ನಿಜಾನಾ? ಅದರ ಉಪಯೋಗ ಏನು?

ಅದು ಮತ್ತಿ ಮರ, ಕರಿಮತ್ತಿ ಅಂತಾನೂ ಕರೀತಾರೆ. ಕಪ್ಪು ತೊಗಟೆ ಆಳವಾಗಿ ಸೀಳಿ ಚೌಕ ಚೌಕವಾಗಿ ಎದ್ದಿರುತ್ತಲ್ಲ, ಇಷ್ಟು ಸುಲಭಕ್ಕೆ ಗುರುತು ಸಿಗೋ ಮರ ನಮ್ಮ ಕಾಡಲ್ಲಿ ಇನ್ನೊಂದಿಲ್ಲ ಅಂತೀನಿ ನಾನು. ಡೌಟ್ ಇದ್ರೆ ಎಲೆ ಮಗುಚಿ ನೋಡಿ, ತೊಟ್ಟಿನ ಹತ್ರ ನಡುನರದ ಮೇಲೆ ಸಣ್ಣ ಗಂಟಿನ ಥರ ಒಂದೆರಡು ಗ್ರಂಥಿ ಇರುತ್ವೆ, ಕಾಯಿಗೆ ಐದು ರೆಕ್ಕೆ. ಹೊಳೆ ದಂಡೆಲಿ ನುಣ್ಣಗೆ ಬೆಳ್ಳಗಿರೋದು ಹೊಳೆಮತ್ತಿ, ಅದು ಇದರ ನೆಂಟ ಅಷ್ಟೇ.

ನೀರು ಬರೋದು ನಿಜ. 2024ರ ಮಾರ್ಚಲ್ಲಿ ಆಂಧ್ರದ ಪಾಪಿಕೊಂಡಲು ಕಾಡಲ್ಲಿ ಅರಣ್ಯ ಇಲಾಖೆಯವ್ರು ಒಂದು ಮತ್ತಿ ಮರದ ತೊಗಟೆ ಕಡಿದಾಗ ನಲ್ಲಿ ಬಿಟ್ಟಂಗೆ ನೀರು ಚಿಮ್ಮಿದ ವಿಡಿಯೋ ಎಲ್ಲಾ ಕಡೆ ಓಡಾಡ್ತು, ಆ ಕಡೆಯ ಕೊಂಡರೆಡ್ಡಿ ಬುಡಕಟ್ಟು ಜನಕ್ಕೆ ಮಾತ್ರ ಇದು ಮೊದಲಿಂದ್ಲೂ ಗೊತ್ತಿದ್ದ ವಿಷಯ, ಕಾಂಡ ಎಲ್ಲಿ ಉಬ್ಬಿದೆ ಅಂತ ನೋಡಿಯೇ ಅವ್ರು ಕೈ ಹಾಕೋದು. ಆದ್ರೆ ಎಲ್ಲಾ ಮರದಲ್ಲೂ ಇರಲ್ಲ, ದಪ್ಪ ಸುತ್ತಳತೆಯ ಹಳೇ ಮರಗಳಲ್ಲೂ ಕೆಲವೇ ಕೆಲವಲ್ಲಿ ಇರೋದು. ಅದಕ್ಕೇ ದಯವಿಟ್ಟು ವಿಡಿಯೋ ನೋಡ್ಕೊಂಡು ಯಾರೂ ಮಚ್ಚು ಹಿಡ್ಕೊಂಡು ಹೋಗ್ಬೇಡಿ, ಅಷ್ಟು ದಪ್ಪ ಆಗೋಕೆ ಅದಕ್ಕೆ ಎಷ್ಟೋ ದಶಕ ಬೇಕು.

ತೇಗ, ಹೊನ್ನೆ, ದಿಂಡಿಗ ಇರೋ ಎಲೆ ಉದುರೋ ಕಾಡೇ ಇದರ ಜಾಗ, ಬಂಡೀಪುರ, ನಾಗರಹೊಳೆ, ಭದ್ರಾ, ದಾಂಡೇಲಿ ಎಲ್ಲಾ ಕಡೆ ಸಿಗುತ್ತೆ. ಜಿಗುಟು ಮಣ್ಣಾದ್ರೂ ನಡೆಯುತ್ತೆ. ಬೇಸಿಗೆಲಿ ಪೂರ್ತಿ ಬೋಳು, ಕಾಡ್ಗಿಚ್ಚು ನೆಲಮಟ್ಟದಲ್ಲಿ ಹಾದುಹೋದ್ರೆ ಆ ದಪ್ಪ ತೊಗಟೆನೇ ಕಾಯುತ್ತೆ.

ಉಪಯೋಗ ಕೇಳಿದ್ರಲ್ಲ, ಹಳೇ ಮನೆಗಳ ತೊಲೆ, ಜಂತೆ, ಎತ್ತಿನಗಾಡಿ, ದೋಣಿ ಎಲ್ಲಕ್ಕೂ ಮತ್ತಿ ನಾಟಾ ಬಳಸ್ತಿದ್ರು. ಬಲು ಗಟ್ಟಿ, ಆದ್ರೆ ಅವಸರದಲ್ಲಿ ಒಣಗಿಸಿದ್ರೆ ಸೀಳು ಬಿಡುತ್ತೆ. ತೊಗಟೆನ ಚರ್ಮ ಹದ ಮಾಡೋಕೆ ಬಳಸ್ತಿದ್ರು. ತೊಗಟೆಲಿ ಸುಣ್ಣದ ಅಂಶ ಎಷ್ಟಿದೆ ಅಂದ್ರೆ ಅದನ್ನ ಸುಟ್ಟ ಬೂದಿನ ಎಲೆಅಡಿಕೆಗೆ ಸುಣ್ಣದ ಬದಲು ಹಾಕ್ಕೊಳ್ತಿದ್ರು. ಜಾರ್ಖಂಡ್, ಛತ್ತೀಸ್‌ಗಢದ ಕಡೆ ಟಸರ್ ರೇಷ್ಮೆ ಹುಳನ ಈ ಮರದ ಮೇಲೇ ಬಿಟ್ಟು ಸಾಕ್ತಾರೆ, ಎಲೆ ತಿಂದು ಅಲ್ಲೇ ಗೂಡು ಕಟ್ಟುತ್ವೆ. ನಮ್ಮ ಉತ್ತರ ಕನ್ನಡದಲ್ಲಿ ಸೊಪ್ಪಿನಬೆಟ್ಟದಿಂದ (ತೋಟಕ್ಕೆ ಸೊಪ್ಪು ತರೋಕೆ ಅಂತ ಬಿಟ್ಟಿರೋ ಕಾಡು) ಅಡಿಕೆ ತೋಟಕ್ಕೆ ತರೋ ಸೊಪ್ಪಲ್ಲೂ ಮತ್ತಿ ಇದ್ದೇ ಇರುತ್ತೆ, ಕೊಂಬೆ ಸವರಿದ್ರೂ ಮತ್ತೆ ಚಿಗುರುತ್ತೆ.