ಗೊತ್ತಾಗದ ಹಾಗೆ ಊಟದಲ್ಲಿ ಮಾತ್ರೆ ಬೆರೆಸಿ ಕುಡಿತ ಬಿಡಿಸಬಹುದಾ?

ಪ್ರಶ್ನೆ: ನನ್ನ ಗಂಡನಿಗೆ 42 ವರ್ಷ, ಪೀಣ್ಯದಲ್ಲಿ ಕೆಲಸ. ಈಗ ಬೆಳಗ್ಗೆ ಎದ್ದ ತಕ್ಷಣ ಎಣ್ಣೆ ಬೇಕೇ ಬೇಕು. ಹೋದ ತಿಂಗಳು ದೇವರ ಮೇಲೆ ಆಣೆ ಮಾಡಿ ಒಂದೇ ಸಲ ಬಿಟ್ಟರು. ಮೂರನೇ ದಿನ ಮೈಯೆಲ್ಲ ನಡುಕ, ಗೋಡೆ ಮೇಲೆ ಹುಳ ಹರಿದಾಡ್ತಿವೆ ಅಂತ ಕೂಗಾಟ. ಹೆದರಿ ನಾನೇ ಕ್ವಾರ್ಟರ್ ತರಿಸಿ ಕೊಟ್ಟೆ. ಊಟದಲ್ಲಿ ಬೆರೆಸುವ ಮಾತ್ರೆ ಇದೆ, ಗೊತ್ತೇ ಆಗಲ್ಲ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಕೊಡಬಹುದಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ದಯವಿಟ್ಟು ಕೊಡಬೇಡಿ. ಅವರು ಹೇಳುತ್ತಿರುವುದು ಬಹುಶಃ ಡೈಸಲ್ಫಿರಾಮ್. ಗೊತ್ತಿದ್ದು, ಒಪ್ಪಿ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯ ಔಷಧಿ. ಆದರೆ ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಜೀವಕ್ಕೇ ಅಪಾಯವಾಗಬಹುದು. ನಿಮ್ಮ ಗಂಡನಿಗೆ ವಿಷಯ ಗೊತ್ತಿಲ್ಲ, ಹಾಗಾಗಿ ಅವರು ಎಂದಿನಂತೆ ಕುಡಿದೇ ಕುಡಿಯುತ್ತಾರೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇರುತ್ತದೆ. ಇನ್ನು ‘ಕುಡಿತ ಬಿಡಿಸುವ ಪುಡಿ’ ಅಂತ ಮಾರುತ್ತಾರಲ್ಲ, ಅದರಲ್ಲಿ ಏನಿದೆ ಅಂತ ಕೊಳ್ಳುವವರಿಗೆ ಗೊತ್ತೇ ಇರುವುದಿಲ್ಲ.

ಕ್ವಾರ್ಟರ್ ಕೊಟ್ಟೆ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಆ ಹೊತ್ತಿಗೆ ಬೇಕಾಗಿದ್ದು ಆಸ್ಪತ್ರೆ, ಅದನ್ನು ನಿಮಗೆ ಯಾರೂ ಹೇಳಿರಲಿಲ್ಲ. ವರ್ಷಗಟ್ಟಲೆ ಕುಡಿದ ಮಿದುಳು ಮದ್ಯದ ಮಂಪರಿಗೆ ಒಗ್ಗಿಹೋಗಿರುತ್ತದೆ. ತಟ್ಟನೆ ಬಿಟ್ಟರೆ ಹತೋಟಿ ತಪ್ಪುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ಜ್ವರ, ದಿಕ್ಕು ತೋಚದಿರುವುದು ಶುರುವಾಗಬಹುದು. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತೇವೆ. ಇದು ದೆವ್ವದ ಕಾಟ ಅಲ್ಲ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ. ಅದಕ್ಕೇ ಮನೆಯಲ್ಲಿ ಇನ್ನೊಂದು ಆಣೆ ಮಾಡಿಸಬೇಡಿ. ಮುಂದಿನ ಸಲ ಬಿಡುವುದು ಆಸ್ಪತ್ರೆಯಲ್ಲೇ ಆಗಲಿ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ವಿಭಾಗವಿದೆ. ಹೋಗುವ ಮೊದಲು ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫಿಟ್ಸ್ ಬಂದರೆ, ಮಾತು ತೊದಲಿ ಗೊಂದಲವಾದರೆ 108. ಯಾವ ಕ್ಲಿನಿಕ್‌ಗೆ ಹೋದರೂ ‘ದಿನಾ ಕುಡಿಯುತ್ತಾರೆ’ ಅಂತ ಮುಚ್ಚುಮರೆಯಿಲ್ಲದೆ ಹೇಳಿ. ಊಟ ಸರಿಯಾಗಿ ಮಾಡದ ಕುಡುಕರಿಗೆ ಬಿ1 ವಿಟಮಿನ್ ಕಡಿಮೆ ಇರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸುತ್ತಾ ಹೋದರೆ ಮಿದುಳಿಗೆ ಪೆಟ್ಟಾಗಬಹುದು. ಮಾನ ಹೋಗುತ್ತೆ ಅಂತ ವಿಷಯ ಮುಚ್ಚಿಡುವ ಮನೆಗಳಲ್ಲೇ ಈ ಅನಾಹುತ ಆಗುವುದು.

ಬಿಟ್ಟ ಮೊದಲ ಕೆಲವು ವಾರ ನಿದ್ದೆ ಬರಲ್ಲ, ಸಿಡುಕು ಇರುತ್ತದೆ. ‘ಕುಡೀತಿದ್ದಾಗಲೇ ವಾಸಿ’ ಅಂತ ಮನೆಯವರಿಗೂ ಅನ್ನಿಸುತ್ತದೆ. ಅಲ್ಲಿ ಕೈಬಿಡಬೇಡಿ, ಅದು ಕಳೆಯುತ್ತದೆ. ಬಿಪಿ ಇಳಿಯುತ್ತದೆ. ಲಿವರ್‌ನಲ್ಲಿ ಬರೀ ಕೊಬ್ಬು ತುಂಬಿದ್ದರೆ ವಾರಗಳಲ್ಲೇ ಕರಗತೊಡಗುತ್ತದೆ. ಸಂಬಳ ಮನೆಗೆ ಬರುತ್ತದೆ, ಮಕ್ಕಳು ಅಪ್ಪನ ಪಕ್ಕ ಹೆದರದೆ ಕೂರುತ್ತಾರೆ. ಆಸೆ ತಗ್ಗಿಸುವ ಮಾತ್ರೆಗಳಿವೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು ನಮ್ಮ ಊರಲ್ಲೇ ನಡೆಯುತ್ತವೆ, ದುಡ್ಡು ಕೇಳಲ್ಲ. ನಡುವೆ ಒಂದು ದಿನ ಕುಡಿದರೆ ಎಲ್ಲ ಮುಗಿಯಿತು ಅಂದುಕೊಳ್ಳದೆ ಮಾರನೇ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಅವರು ಬರಲ್ಲ ಅಂದರೆ ಮೊದಲು ನೀವೊಬ್ಬರೇ ಬನ್ನಿ. ಅವರನ್ನು ಒಪ್ಪಿಸುವ ದಾರಿಯನ್ನು ಕೂತು ಮಾತಾಡೋಣ.