ಪ್ರತಿಕ್ರಿಯೆ: ಕೋಲಾರದ ಕ್ಯಾಥೊಲಿಕ್ ಕಾಲೇಜಿಗೆ ಕೊಟ್ಟ ದೇಣಿಗೆಯ ಲೆಕ್ಕ

2024–25ರಲ್ಲಿ ಕಟ್ಟಡ ನಿಧಿಗೆ ಹಣ ಕೊಟ್ಟಿರಿ, ಪ್ರಿನ್ಸಿಪಾಲ್ ಫಾದರ್ ಲೆಕ್ಕ ಹೇಳುತ್ತಿಲ್ಲ ಅಂದಿರಿ. ಬಹುಶಃ ಹಣ ಕಾಲೇಜಿನ ಖಾತೆಗಲ್ಲ, ಹಳೆ ವಿದ್ಯಾರ್ಥಿಗಳ ಸಂಘದ ಖಾತೆಗೆ ಹೋಗಿದೆ. ನಮ್ಮ ಬ್ಯಾಚಿಗೂ ಹೀಗೇ ಆಗಿತ್ತು. ಸಂಬಂಧವಿಲ್ಲದವರನ್ನು ಕೇಳುತ್ತಾ ಒಂದು ವರ್ಷ ಸುಮ್ನೆ ಹೋಯಿತು. ನಿಮ್ಮ ರಸೀದಿ ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ರಸೀದಿಯಲ್ಲಿ ಯಾರ ಹೆಸರು, ಪ್ಯಾನ್ ಇದೆ ನೋಡಿ. 80ಜಿ (ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ) ನಂಬರ್ ಇದ್ದರೆ, ದೇಣಿಗೆ ಪಡೆದವರು ಕೊಡಬೇಕಾದ 10ಬಿಇ ಪ್ರಮಾಣಪತ್ರ ಕೇಳಿ. ಆ ಸಾಲಿನದನ್ನು 2025ರ ಮೇ 31ರೊಳಗೆ ಕೊಡಬೇಕಿತ್ತು.

ನೋಂದಾಯಿತ ಸಂಘದ ಹೆಸರಿದ್ದರೆ ಜಿಲ್ಲಾ ಸಂಘಗಳ ನೋಂದಣಿ ಕಚೇರಿಗೆ ಹೋಗಿ, ಫೀಸು ಕಟ್ಟಿ, ಸಲ್ಲಿಸಿರುವ ಲೆಕ್ಕಪತ್ರದ ನಕಲು ಕೇಳಿ. ಅದರಲ್ಲೂ ತೃಪ್ತಿ ಇಲ್ಲದಿದ್ದರೆ ಸಹಿ ಸಂಗ್ರಹಿಸಿ. ಸಂಘದ ಸದಸ್ಯರಲ್ಲಿ ಮೂರನೇ ಒಂದು ಭಾಗ ಜನ ಅರ್ಜಿ ಕೊಟ್ಟರೆ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ 25ನೇ ಸೆಕ್ಷನ್ ಪ್ರಕಾರ ರಿಜಿಸ್ಟ್ರಾರ್ ವಿಚಾರಣೆ ನಡೆಸಲೇಬೇಕು. ದೇಣಿಗೆ ಕೊಟ್ಟ ಮಾತ್ರಕ್ಕೆ ಸದಸ್ಯರಾಗುವುದಿಲ್ಲ, ಪಟ್ಟಿಯಲ್ಲಿ ಹೆಸರಿರಬೇಕು. ಎಷ್ಟೋ ಜನ ಎಡವುವುದು ಇಲ್ಲೇ.

ರಸೀದಿ ಕಾಲೇಜಿನದೇ ಆದರೆ ಫಾದರ್‌ಗಿಂತ ಮೇಲಿನವರಿಗೆ ಬರೆಯಿರಿ. ಸನ್ಯಾಸಿ ಸಭೆಯ ಕಾಲೇಜಾದರೆ ಆ ಸಭೆಯ ಪ್ರಾಂತೀಯ ಮುಖ್ಯಸ್ಥರಾದ ಪ್ರೊವಿನ್ಶಿಯಲ್‌ಗೆ, ಧರ್ಮಪ್ರಾಂತ್ಯದ್ದಾದರೆ (ಬಿಷಪ್ ಆಡಳಿತದ್ದು) ಬೆಂಗಳೂರಿನ ಆರ್ಚ್‌ಬಿಷಪ್ ಕಚೇರಿಗೆ. ಕೋಲಾರ ಅವರ ವ್ಯಾಪ್ತಿಗೇ ಬರುತ್ತದೆ. ರಸೀದಿಯ ನಕಲು ಲಗತ್ತಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.